ಕಡಲು ತಂದುದೂ ಗಿಳಿ ನುಡಿದುದೂ

ಮಂಗಳೂರಿನ ಹಳೆ ಬಂದರಿನ ಧಕ್ಕೆಯ ಮೇಲೆ ನಿಂತು ಪಡುವಲಿಗೆ ನೋಡಿದರೆ ಹೊಳೆಯ ಆಚೆಯ ದಡದಲ್ಲಿ ತೆಂಗಿನ ಮರಗಳ ಉದ್ದನೆಯ ಸಾಲೊಂದು ಕಾಣುವುದು. ಅದೇ ಬೆಂಗ್ರೆ. ಅದರ ಮೂಡಲಿಗೆ ಫಲ್ಗುಣಿಯೆಂದೂ ಗುರುಪುರ ಹೊಳೆಯೆಂದೂ ಕರೆಯಲ್ಪಡುವ ನದಿ. ಪಡುವಲಿಗೆ ಅರಬ್ಬೀ ಸಮುದ್ರ. ತೆಂಕಣ ತುದಿಯಲ್ಲಿ ಫಲ್ಗುಣಿಯೂ ನೇತ್ರಾವತಿಯೂ ಒಂದಾಗಿ ಕಡಲನ್ನು ಸೇರುವ ಅಳಿವೆ ಬಾಗಿಲು. ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡಿರುವ ಈ ಮರಳಿನ ನಾಲಿಗೆಯ ಮೇಲೆ ನಾವು ಅಕ್ಕತಂಗಿಯರಿಬ್ಬರೂ ಹುಟ್ಟಿ ಬೆಳೆದೆವು.

ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರ ಅಪ್ಪಣೆಯಾಗಿದೆ. ನಮ್ಮ ಶಾಲೆಯ ಕಟ್ಟಡ, ಅಧ್ಯಾಪಿಕೆಯರು, ಬಹುಮಾನದ ದಿನ, ಇವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಆದರೆ ದಿನಾಲು ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದ ಎರಡು ಹುಡುಗಿಯರ ಲಂಗದ ಅಂಚಿನಲ್ಲಿ ಮರಳು ಯಾಕಿರುತ್ತಿತ್ತು, ಅವರ ಪುಸ್ತಕದ ಚೀಲದಿಂದ ಒಣಗಿದ ಕಡಲಿನ ವಾಸನೆ ಯಾಕೆ ಬರುತ್ತಿತ್ತು ಎಂಬುದನ್ನು ಬರೆಯಬಲ್ಲವರು ನಾವೇ. ಆದಕಾರಣ ಅದನ್ನೇ ಬರೆಯುತ್ತೇವೆ.

ನಮ್ಮ ತಂದೆಯವರು ಮಂಜಿಯ ತಂಡೇಲರಾಗಿದ್ದರು. ಮಂಜಿಯೆಂದರೆ ಹಾಯಿ ಕಟ್ಟಿದ ಸರಕಿನ ಹಡಗು. ಈಗ ಹಾಯಿಯ ಮಂಜಿ ಕಾಣಸಿಗುವುದಿಲ್ಲವಾದುದರಿಂದ ಇಷ್ಟನ್ನು ಹೇಳಬೇಕಾಯಿತು. ನಮ್ಮ ಬಾಲ್ಯದಲ್ಲಿ ಧಕ್ಕೆಯ ಉದ್ದಕ್ಕೂ ಮಂಜಿಗಳು ಒತ್ತಾಗಿ ನಿಂತಿರುತ್ತಿದ್ದವು. ಅಕ್ಕಿ, ಹಂಚು, ಸಂಬಾರ ಪದಾರ್ಥಗಳನ್ನು ಹೇರಿಕೊಂಡು ಹೋಗುವವು. ಕೊಬ್ಬರಿಯನ್ನೂ ತೆಂಗಿನ ನಾರಿನ ಹುರಿಯನ್ನೂ ತುಂಬಿಕೊಂಡು ಬರುವವು. ತಂದೆಯವರು ಹೆಚ್ಚಾಗಿ ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳಿಗೆ ಹೋಗುತ್ತಿದ್ದರು. ಈ ಅಮಿನದೀವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆಮೇಲೆ ಕೇಂದ್ರಾಡಳಿತಕ್ಕೆ ಒಳಪಟ್ಟು, 1973ರಿಂದ ಲಕ್ಷದ್ವೀಪ ಎಂಬ ಹೆಸರಿನಲ್ಲಿವೆ. ಸರಕಾರದ ಕಾಗದದಲ್ಲಿ ಬೇರೆಯಾದರೂ ಬಂದರಿನವರ ಬಾಯಲ್ಲಿ ಅವು ನೆರೆಮನೆಗಳೇ. ಒಳ್ಳೆಯ ಗಾಳಿಯಿದ್ದರೆ ಮೂರು ನಾಲ್ಕು ದಿನಗಳ ದಾರಿ ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಅಜ್ಜಿ, ತಾಯಿ, ನಾವಿಬ್ಬರು, ಮತ್ತು ಪಚ್ಚು ಇದ್ದೆವು. ಪಚ್ಚು ಎಂಬುದು ಗಿಳಿ. 1958ರ ಫೆಬ್ರವರಿಯಲ್ಲಿ ನೆರೆಯ ಹಿತ್ತಿಲಿನಲ್ಲಿ ತಲೆ ಹೋದ ಹಳೆಯ ತೆಂಗಿನ ಮರವೊಂದನ್ನು ಕಡಿದಾಗ ಅದರ ಪೊಟರೆಯಿಂದ ಬಿದ್ದ ಮರಿ ಅದು. ಮೈಮೇಲೆ ಗರಿಯಿರಲಿಲ್ಲ, ನೋಡುವುದಕ್ಕೆ ಸುಲಿದ ಹಲಸಿನ ಬೀಜದ ಹಾಗಿತ್ತು. ತಂದೆಯವರು ಅದನ್ನು ಅಡಕೆ ಹಾಳೆಯ ಮಡಿಕೆಯಲ್ಲಿಟ್ಟು ತಂದರು. ಅಜ್ಜಿ ಗಂಜಿಯ ತಿಳಿಯನ್ನೂ ಕಿವುಚಿದ ಬಾಳೆಹಣ್ಣನ್ನೂ ಬೆರಳ ತುದಿಯಿಂದ ತಿನ್ನಿಸಿ ಬದುಕಿಸಿದರು. ಮೂರನೆಯ ವರ್ಷ ಕೊರಳಿನ ಸುತ್ತ ಕಪ್ಪುಗುಲಾಬಿ ಬಣ್ಣದ ಪಟ್ಟಿ ಮೂಡಿದಾಗ ಅದು ಗಂಡೆಂದು ತಿಳಿಯಿತು. ಅಷ್ಟರಲ್ಲಿ ಅದು ನಮ್ಮೆಲ್ಲರಿಗಿಂತ ಹೆಚ್ಚು ಮಾತನಾಡುತ್ತಿತ್ತು.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಬಳಿಕ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧವಾಗಿವೆ. ಅದು ಸರಿಯಾದ ಕಾಯಿದೆಯೇ. ಈ ಲೇಖನವನ್ನೋದಿ ನಿಮ್ಮ ಮಕ್ಕಳು ಗಿಳಿ ಬೇಕೆಂದು ಹಟ ಹಿಡಿದರೆ ನಮ್ಮನ್ನು ದೂರಬೇಡಿರಿ. ನಮ್ಮದು ಕಾಯಿದೆಗೆ ಹದಿನಾಲ್ಕು ವರ್ಷ ಮೊದಲು ಮರದಿಂದ ಬಿದ್ದ ಗಿಳಿ. ಬಿದಿರಿನ ಗೂಡು ಜಗಲಿಯ ತೊಲೆಗೆ ತೂಗಿದ್ದರೂ ಅದರ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಪಚ್ಚು ಹೊರಗೆ ಬಂದು ಅಜ್ಜಿಯ ಹೆಗಲೇರುವುದು, ಮಲ್ಲಿಗೆಯ ಚಪ್ಪರ ಹತ್ತುವುದು, ಕಾಗೆಯನ್ನು ಕಂಡರೆ ಗೂಡಿಗೆ ಓಡಿ ಒಳಗಿನಿಂದ ಬಯ್ಯುವುದು. ಹಸಿಮೆಣಸನ್ನು ನಾವು ಸೌತೆಕಾಯಿ ತಿಂದ ಹಾಗೆ ತಿನ್ನುತ್ತಿತ್ತು. ಮೆಣಸಿನ ಖಾರ ನಮ್ಮ ಬಾಯಿಯನ್ನು ಸುಡುವ ಹಾಗೆ ಹಕ್ಕಿಗಳ ಬಾಯಿಯನ್ನು ಸುಡುವುದಿಲ್ಲವೆಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆವು. ಅಜ್ಜಿಗೆ ಅದು ಮೊದಲೇ ಗೊತ್ತಿತ್ತು. ಕಾರಣ ಮಾತ್ರ ಬೇಕಾಗಿರಲಿಲ್ಲ.

ಪಚ್ಚುವಿನ ಪಾಂಡಿತ್ಯವನ್ನು ಸ್ವಲ್ಪ ವಿವರಿಸಬೇಕು. ಮನೆಯ ಮಾತು ತುಳುವಾದುದರಿಂದ ಅದರ ಮಾತೃಭಾಷೆಯೂ ತುಳುವೇ. ಯಾರು ಅಂಗಳಕ್ಕೆ ಕಾಲಿಟ್ಟರೂ "ಏರ್?" ಎಂದು ಕೇಳುವುದು. ಉತ್ತರಕ್ಕೆ ಕಾಯದೆ "ವಣಸ್ ಆಂಡಾ?" ಎಂದು ಊಟದ ವಿಚಾರಣೆ ಮಾಡುವುದು. ಇವೆರಡು ಅಜ್ಜಿಯ ಪಾಠ. ಕಡಲ ದಡದಲ್ಲಿ ರಂಪಣಿ ಬಲೆಯನ್ನೆಳೆಯುವವರ "ಐಸಾ!" ಎಂಬ ಕೂಗನ್ನು ತಾನೇ ಕಲಿತಿತ್ತು. ನಾವು ಸಂಜೆ ಜಗಲಿಯಲ್ಲಿ ಮಗ್ಗಿ ಹೇಳುತ್ತಿದ್ದೆವಷ್ಟೆ. ಅದರಲ್ಲಿ ಮೊದಲಿನ ಒಂದು ಸಾಲನ್ನು ಹಿಡಿದುಕೊಂಡಿತ್ತು. 1962ರಲ್ಲಿ ನಮ್ಮ ಶಾಲೆಯ ಅಧ್ಯಾಪಿಕೆಯೊಬ್ಬರು ಹೊಳೆ ದಾಟಿ ನಮ್ಮ ಮನೆಯನ್ನು ನೋಡಲು ಬಂದರು. ಎಲ್ಲರೂ ಸಂಕೋಚದಿಂದ ಸುಮ್ಮನಿದ್ದಾಗ ಪಚ್ಚು ಗಂಟಲು ಸರಿಮಾಡಿಕೊಂಡು, "ಎರಡೊಂದ್ಲಿ ಎರಡು, ಎರಡೆರಡ್ಲಿ ಐಸಾ!" ಎಂದಿತು. ಟೀಚರಮ್ಮನವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

ಗಿಳಿಗೆ ತುಟಿಗಳಿಲ್ಲ, ನಮಗಿರುವಂಥ ಧ್ವನಿತಂತುಗಳೂ ಇಲ್ಲ. ಉಸಿರಿನ ನಾಳವು ಎರಡಾಗಿ ಕವಲೊಡೆಯುವ ಕಡೆಯಲ್ಲಿರುವ ಅಂಗದಿಂದ ಸ್ವರವನ್ನು ಹೊರಡಿಸಿ, ದಪ್ಪ ನಾಲಿಗೆಯಿಂದ ಅದನ್ನು ತಿದ್ದುತ್ತದೆ. ಕಾಡಿನಲ್ಲಿದ್ದರೆ ಅದು ತನ್ನ ಹಿಂಡಿನವರ ಕರೆಗಳನ್ನು ಕಲಿಯುತ್ತಿತ್ತು. ಮನೆಯಲ್ಲಿ ಬೆಳೆದದ್ದು ಮನೆಯವರನ್ನೇ ಹಿಂಡೆಂದು ಎಣಿಸಿ ಅವರ ಕರೆಗಳನ್ನು ಕಲಿಯುತ್ತದೆ. ಆದುದರಿಂದ ಗಿಳಿಯ ಮಾತೆಂದರೆ ಸುಮ್ಮನೆ ಅನುಕರಣವೆಂದು ತಳ್ಳಿಬಿಡುವವರ ಮಾತನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಅರ್ಥ ತಿಳಿಯದಿದ್ದರೂ ಯಾರನ್ನು ಕರೆಯಬೇಕೆಂಬುದು ಅದಕ್ಕೆ ತಿಳಿದಿರುತ್ತದೆ.

ಅದರ ಎಲ್ಲ ವಿದ್ಯೆಗಳಲ್ಲಿ ಒಂದು ಮುಖ್ಯವಾದದ್ದು. ತಂದೆಯವರ ಮಂಜಿಯಲ್ಲಿ ಎಲ್ಲರಿಗಿಂತ ಕಿರಿಯನಾದ ಖಲಾಸಿಯೊಬ್ಬನಿದ್ದನು. ಹದಿನೇಳು ವರ್ಷ, ತಂದೆಯಿಲ್ಲದ ಹುಡುಗ, ಅವನ ತಾಯಿ ಬುಟ್ಟಿಯಲ್ಲಿ ಒಣಮೀನು ಹೊತ್ತು ಮಾರುತ್ತಿದ್ದರು. ಹೊರಡುವ ದಿನ ನೀರಿನ ಇಳಿತ ಆರಂಭವಾಗುತ್ತಲೇ ತಂದೆಯವರನ್ನು ಕರೆಯುವುದು ಅವನ ಕೆಲಸ. ಅಂಗಳದೊಳಗೆ ಬರುತ್ತಿರಲಿಲ್ಲ. ಬೇಲಿಯ ಹೊರಗೆ ನಿಂತು ಎರಡು ಸಲ ಗಿಡ್ಡವಾಗಿ, ಒಂದು ಸಲ ಉದ್ದವಾಗಿ ಸಿಳ್ಳು ಹಾಕುವನು. ತಂದೆಯವರು ಒಳಗಿನಿಂದ "ಗಾಳಿ ಎಂಚ ಉಂಡು?" ಎಂದು ಕೇಳುವರು. ಗಾಳಿ ಹೇಗಿದೆ ಎಂದರ್ಥ. ಅವನು "ಎಡ್ಡೆ ಉಂಡು" ಎನ್ನುವನು, ಚೆನ್ನಾಗಿದೆ. ಪಚ್ಚು ಆ ಸಿಳ್ಳನ್ನು ಒಂದು ಕೂದಲೆಳೆಯೂ ತಪ್ಪದಂತೆ ಕಲಿಯಿತು. ತಂದೆಯವರ ಪ್ರಶ್ನೆಯನ್ನು ಅವರದೇ ಸ್ವರದಲ್ಲಿ ಕಲಿಯಿತು. ಮೂರನೆಯದಾದ ಉತ್ತರವನ್ನು ಮಾತ್ರ ಎಂದಿಗೂ ಕಲಿಯಲಿಲ್ಲ.

ಇನ್ನು ಕಡಲು ತರುತ್ತಿದ್ದ ವಸ್ತುಗಳ ವಿಷಯ. ಬೆಳಗ್ಗೆ ಎದ್ದು ಕಡಲ ಬದಿಗೆ ಹೋಗಿ ಬರುವುದು ನಮ್ಮ ಮನೆಯಲ್ಲಿ ಅಂಗಳ ಗುಡಿಸುವಷ್ಟೇ ಸಹಜವಾದ ಕೆಲಸವಾಗಿತ್ತು. ಭರತದ ನೀರು ಹಿಂದೆ ಸರಿಯುವಾಗ ಮರಳಿನ ಮೇಲೆ ಕಸಕಡ್ಡಿಯ ಒಂದು ಗೆರೆಯನ್ನು ಬಿಟ್ಟುಹೋಗುತ್ತದೆ. ಆ ಗೆರೆಯನ್ನು ಹಿಡಿದು ನಡೆಯಬೇಕು. ಕಣ್ಣು ಕೆಳಗೆ, ಕಿವಿ ಕಡಲ ಕಡೆಗೆ ಎಂಬುದು ಅಜ್ಜಿಯ ಬುದ್ಧಿವಾದ; ಕಡಲಿಗೆ ಬೆನ್ನು ಹಾಕಬಾರದು. ಸಿಕ್ಕಿದ್ದೆಲ್ಲವನ್ನೂ ಸಿಹಿನೀರಿನಲ್ಲಿ ತೊಳೆದ ಮೇಲೆಯೇ ಹೊಸ್ತಿಲು ದಾಟಿಸಬೇಕು.

ಪಚ್ಚುವಿಗೆ ಬೇಕಾದದ್ದು ಸಮುದ್ರನೊರೆ. ಹೆಸರಿಗೆ ನೊರೆಯಾದರೂ ಅದು ನೊರೆಯಲ್ಲ. ಬೊಂಡಾಸದ ಜಾತಿಯ ಒಂದು ಪ್ರಾಣಿಯ ಮೈಯೊಳಗಿನ ಚಿಪ್ಪು. ಬೆಳ್ಳಗೆ, ದೋಣಿಯಾಕಾರವಾಗಿ, ಉಗುರು ತಾಗಿದರೆ ಪುಡಿಯಾಗುವಷ್ಟು ಮೆತ್ತಗಿರುತ್ತದೆ. ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಅರೆಗಳಿವೆ. ಪ್ರಾಣಿಯು ಅದರಿಂದ ನೀರಿನಲ್ಲಿ ಮೇಲೆ ಕೆಳಗೆ ಹೋಗುವುದನ್ನು ಸರಿಮಾಡಿಕೊಳ್ಳುತ್ತದೆ. ಸತ್ತ ಮೇಲೆ ಚಿಪ್ಪು ತೇಲಿ ದಡಕ್ಕೆ ಬರುತ್ತದೆ. ಆಯುರ್ವೇದದವರು ಇದನ್ನು ಸಮುದ್ರಫೇನವೆಂದು ಕರೆದು ಔಷಧಕ್ಕೆ ಉಪಯೋಗಿಸುತ್ತಾರೆ. ಚಿನ್ನದ ಕೆಲಸದವರು ಇದರಲ್ಲಿ ಎರಕದ ಅಚ್ಚು ಕೊರೆಯುವುದುಂಟು. ಸುಣ್ಣದ ಅಂಶವಿರುವುದರಿಂದ ಗಿಳಿಗೆ ಪಥ್ಯ, ಕೊಕ್ಕು ಮಸೆಯುವುದಕ್ಕೂ ಒಳ್ಳೆಯದು. ಮನೆಯ ಚಿಕ್ಕವಳಿಗೆ ಇದನ್ನು ಹುಡುಕುವ ಅಧಿಕಾರ. ಹಿರಿಯವಳಿಗೆ ಉಳಿದೆಲ್ಲದರ ಮೇಲೆ. ಈ ಒಡಂಬಡಿಕೆ ಆಗಾಗ ಮುರಿದು ಜಗಳವಾಗುತ್ತಿತ್ತು.

ಉಳಿದೆಲ್ಲವೆಂದರೆ ಕವಡೆ, ಶಂಖ, ಮರುವಾಯಿ ಚಿಪ್ಪು, ಹರಿದ ಬಲೆಯ ತುಂಡು, ಒಮ್ಮೊಮ್ಮೆ ಡಾಂಬರಿನ ಉಂಡೆ. ಘಟ್ಟದ ಕಾಡಿನ ದೊಡ್ಡ ಬಳ್ಳಿಯೊಂದರ ಕಂದು ಬಣ್ಣದ ಬೀಜ, ಒಂದು ಹಳೆಯ ರೂಪಾಯಿಗಿಂತ ಅಗಲವಾದದ್ದು, ಮಳೆಗಾಲದಲ್ಲಿ ಹೊಳೆಯಲ್ಲಿ ಇಳಿದು ಕಡಲನ್ನು ಸೇರಿ ಮತ್ತೆ ನಮ್ಮ ಕಾಲ ಬಳಿಗೆ ಬರುತ್ತಿತ್ತು. ಹಂಚಿನ ತುಂಡುಗಳಿಗಂತೂ ಲೆಕ್ಕವಿಲ್ಲ. 1865ರಲ್ಲಿ ಬಾಸೆಲ್ ಮಿಶನಿನವರು ನೇತ್ರಾವತಿಯ ಬಳಿಯಲ್ಲಿ ಮೊದಲನೆಯ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಎಷ್ಟು ಹಂಚುಗಳು ಆ ಅಳಿವೆಯನ್ನು ದಾಟಿ ಹೋಗಿರಬಹುದು! ಹೇರುವಾಗ ಒಡೆದವು ನೀರಿಗೆ ಬಿದ್ದು, ತೆರೆಗಳಲ್ಲಿ ಉರುಳಿ ಉರುಳಿ, ಮೂಲೆ ಸವೆದು, ಕೆಂಪು ಬೆಣಚುಕಲ್ಲಿನಂತೆ ನುಣ್ಣಗಾಗಿ ದಡಕ್ಕೆ ಬರುವವು. ಕೆಲವುಗಳ ಬೆನ್ನಿನಲ್ಲಿ ಇನ್ನೂ ಒಂದೆರಡು ಅಕ್ಷರಗಳು ಉಳಿದಿರುವವು. ಅವುಗಳನ್ನು ಜೋಡಿಸಿ ಕಾರ್ಖಾನೆಯ ಹೆಸರನ್ನು ಪೂರ್ತಿ ಮಾಡುವುದು ನಮ್ಮ ಆಟ. ವಿಜ್ಞಾನದ ಟೀಚರಮ್ಮನವರು ನಾವು ತಂದ ಚಿಪ್ಪುಗಳನ್ನೂ ಬೀಜಗಳನ್ನೂ ಚೀಟಿ ಅಂಟಿಸಿ ತರಗತಿಯ ಗಾಜಿನ ಕಪಾಟಿನಲ್ಲಿ ಇಡುತ್ತಿದ್ದರು. ಅದರ ಮುಂದೆ ನಿಂತು ಮೂಗನ್ನು ಗಾಜಿಗೆ ಒತ್ತಿದವರು ಈ ಸಂಚಿಕೆಯನ್ನು ಓದುತ್ತಿದ್ದರೆ, ಮೇಲಿನ ಅರೆಯ ಎಡಗಡೆಯಲ್ಲಿದ್ದ ದೊಡ್ಡ ಶಂಖ ನಮ್ಮದೆಂದು ತಿಳಿಯಬೇಕು.

ಬಂಗುಡೆ, ಬೂತಾಯಿಗಳ ಕಾಲದಲ್ಲಿ ರಂಪಣಿ ಬೀಳುತ್ತಿತ್ತು. ಅಷ್ಟು ದೊಡ್ಡ ಬಲೆಯನ್ನು ದಡಕ್ಕೆಳೆಯಲು ಊರಿಗೆ ಊರೇ ಬೇಕು. ಹಗ್ಗ ಹಿಡಿದವರಿಗೆಲ್ಲ ಪಾಲುಂಟು, ನಾವೂ ಹಿಡಿದಿದ್ದೇವೆ. 1970ರ ದಶಕದ ಕೊನೆಯ ವರ್ಷಗಳಲ್ಲಿ ಯಂತ್ರದ ದೋಣಿಗಳೂ ಪರ್ಸೀನ್ ಬಲೆಗಳೂ ಬಂದು ಮೀನನ್ನು ದಡಕ್ಕೆ ಬರುವ ಮೊದಲೇ ಹಿಡಿಯತೊಡಗಿದ ಮೇಲೆ ರಂಪಣಿ ಹಿಂದೆ ಬಿತ್ತು. ಬಂದರೂ ಬದಲಾಯಿತು. ಪಣಂಬೂರಿನ ಹೊಸ ಬಂದರು 1974ರಲ್ಲಿ ಮಹಾಬಂದರವೆಂದು ಘೋಷಿತವಾಗಿ, ದೊಡ್ಡ ಹಡಗುಗಳೆಲ್ಲ ಅಲ್ಲಿಗೆ ಹೋದವು. ಈಗ ಭರತದ ಗೆರೆಯನ್ನು ಹಿಡಿದು ನಡೆದರೆ ಕವಡೆಗಿಂತ ಹೆಚ್ಚಾಗಿ ಬಾಟಲಿಯ ಮುಚ್ಚಳ, ಚಪ್ಪಲಿ, ನೈಲಾನು ದಾರಗಳು ಸಿಗುತ್ತವೆ. 2025ರ ಮೇ 25ರಂದು ಕೊಚ್ಚಿಯ ಬಳಿ ಮುಳುಗಿದ ಹಡಗಿನಿಂದ ಚೆಲ್ಲಿದ ಪ್ಲಾಸ್ಟಿಕಿನ ಕಾಳುಗಳು ಕೇರಳದ ದಡಗಳಲ್ಲಿ ಅಕ್ಕಿ ಚೆಲ್ಲಿದ ಹಾಗೆ ಬಿದ್ದಿದ್ದನ್ನು ವರ್ತಮಾನ ಪತ್ರಿಕೆಗಳಲ್ಲಿ ನೋಡಿದಾಗ, ಅದನ್ನು ಯಾವ ಕಪಾಟಿನಲ್ಲಿ ಇಡುವುದೆಂದು ನಾವಿಬ್ಬರೂ ಮಾತಾಡಿಕೊಂಡೆವು.

1963ರ ಮೇ ತಿಂಗಳ ವಿಷಯಕ್ಕೆ ಬರುತ್ತೇವೆ. ಮಂಜಿಗಳು ಮಳೆಗಾಲಕ್ಕೆ ಮುಂಚೆ ಕೊನೆಯ ಪಯಣ ಮುಗಿಸಿ ಹೊಳೆಯ ಬದಿಯಲ್ಲಿ ಮೇಲಕ್ಕೆ ಏರುವ ಹೊತ್ತು. ಅಲ್ಲಿಂದ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸುವ ವರೆಗೆ ಯಾರೂ ಹಾಯಿ ಬಿಚ್ಚುವುದಿಲ್ಲ. ತಂದೆಯವರು ಅಕ್ಕಿಯನ್ನೂ ಹಂಚನ್ನೂ ಹೇರಿಕೊಂಡು ಅಮಿನಿಗೆ ಹೋಗಿದ್ದರು; ತಿಂಗಳ ನಡುವೆ ಹಿಂತಿರುಗಬೇಕಾಗಿತ್ತು. ಅವರು ಬರಬೇಕಾಗಿದ್ದ ದಿನಕ್ಕೆ ಎರಡು ದಿನ ಮೊದಲು ರಾತ್ರಿ ವಾಯುವ್ಯದಿಂದ ಗಾಳಿಯೆದ್ದಿತು. ನಮ್ಮ ಅಡಿಗೆಮನೆಯ ಮಾಡಿನ ಮಡಲುಗಳು ಹಾರಿಹೋದವು. ಬೆಳಗಾಗುವಷ್ಟರಲ್ಲಿ ಕಡಲು ತೆಂಗಿನ ಮರಗಳ ಬುಡದ ವರೆಗೆ ಬಂದು ಹೋಗಿತ್ತು.

ಮಂಜಿ ಬರಲಿಲ್ಲ. ಒಂದು ದಿನ, ಎರಡು ದಿನ, ಒಂದು ವಾರ. ಬಂದರಿನ ಮಂಡಿಯಲ್ಲಿ ಕೇಳಿದರೆ ಯಾವ ಸುದ್ದಿಯೂ ಇಲ್ಲ. ಆಗ ಶಾಲೆಗೆ ಬೇಸಗೆಯ ರಜೆ. ತಾಯಿ ನಮ್ಮನ್ನು ದಿನವೂ ನಸುಕಿನಲ್ಲಿ ಎಬ್ಬಿಸಿ, "ಅಳಿವೆಯಿಂದ ಬಡಗಿಗೆ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ನೋಡಿ ಬನ್ನಿ" ಎಂದು ಕಳುಹಿಸುತ್ತಿದ್ದರು. ಏನನ್ನು ನೋಡಬೇಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಆ ದಿನಗಳಲ್ಲಿ ಕಡಲು ಬಹಳ ತಂದಿತು. ನೆನೆದ ಕೊಬ್ಬರಿಯ ಹೋಳುಗಳು, ಹುರಿಯ ಒಂದು ಸಿಂಬಿ, ಮುರಿದ ಹುಟ್ಟು. ನಿನ್ನೆಯ ವರೆಗೆ ನಮಗೆ ಆಟದ ಸಾಮಾನಾಗಿದ್ದ ಹಂಚಿನ ತುಂಡನ್ನು ಎತ್ತಿ ಅದರ ಒಡೆದ ಅಂಚು ಹೊಸದೋ ಹಳೆಯದೋ ಎಂದು ನೋಡತೊಡಗಿದೆವು. ಹತ್ತನೆಯ ದಿನ ನೀಲಿ ಬಣ್ಣ ಬಳಿದ ಹಲಗೆಯೊಂದು ಸಿಕ್ಕಿತು. ತಂದೆಯವರ ಮಂಜಿಯ ಅಂಚಿಗೂ ನೀಲಿ ಬಣ್ಣವೇ. ಇಬ್ಬರೂ ಅದನ್ನು ಎರಡು ತುದಿಗಳಲ್ಲಿ ಹಿಡಿದುಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಮನೆಗೆ ಹೊತ್ತುಕೊಂಡು ಬಂದೆವು. ಒಡೆದ ಹಡಗಿನ ಸಾಮಾನು ಸಿಕ್ಕಿದರೆ ಸರಕಾರದ ಅಧಿಕಾರಿಗೆ ತಿಳಿಸಬೇಕೆಂದು 1958ರ ವಾಣಿಜ್ಯ ನೌಕಾ ಕಾಯಿದೆಯಲ್ಲಿ ಬರೆದಿತ್ತು. ಅದು ನಮಗೆ ಗೊತ್ತಿದ್ದರೂ ಮೊದಲು ತಾಯಿಗೆ ತೋರಿಸದೆ ಇರುತ್ತಿರಲಿಲ್ಲ. ತಾಯಿ ಹಲಗೆಯನ್ನು ಮಗುಚಿ ನೋಡಿದರು. ಬೆರಳಿನಿಂದ ತೂತುಗಳನ್ನು ತಡವಿದರು. "ಇದಕ್ಕೆ ಮೊಳೆ ಹೊಡೆದಿದ್ದಾರೆ. ನಮ್ಮದರ ಅಂಚಿನ ಹಲಗೆಯನ್ನು ಹುರಿಯಿಂದ ಹೊಲಿದದ್ದು" ಎಂದರು. ಆಮೇಲೆ ಬಾವಿಕಟ್ಟೆಗೆ ಹೋಗಿ ಬಹಳ ಹೊತ್ತು ನೀರು ಸೇದಿದರು. ಮನೆಯ ಕೊಡಗಳೆಲ್ಲ ಮೊದಲೇ ತುಂಬಿದ್ದವು.

ಇದೆಲ್ಲದರ ನಡುವೆ ಪಚ್ಚು ತನ್ನ ಪಾಠವನ್ನು ಬಿಡಲಿಲ್ಲ. ಸಂಜೆಯ ಹೊತ್ತಿಗೆ, ನೀರಿನ ಇಳಿತದ ಸಪ್ಪಳ ಬದಲಾಗುತ್ತಲೇ, ಎರಡು ಗಿಡ್ಡ ಸಿಳ್ಳು, ಒಂದು ಉದ್ದ ಸಿಳ್ಳು, ಬಳಿಕ ತಂದೆಯವರ ಸ್ವರದಲ್ಲಿ, "ಗಾಳಿ ಎಂಚ ಉಂಡು?" ಅಜ್ಜಿಗೆ ಕಣ್ಣು ಮಂದವಾಗಿತ್ತು. ಪ್ರತಿ ಸಲವೂ ಅವರು ಗೋಡೆ ಹಿಡಿದುಕೊಂಡು ಎದ್ದು ಬಾಗಿಲ ವರೆಗೆ ಬರುವರು. ಗಿಳಿಯೆಂದು ತಿಳಿಯದೆ ಅಲ್ಲ. ತಿಳಿದೂ ಏಳುವರು. ನಾಲ್ಕನೆಯ ಸಂಜೆ ತಾಯಿಗೆ ಸಹಿಸಲಾಗದೆ ಗೂಡಿನ ಮೇಲೆ ಒಂದು ಕಂಬಳಿಯನ್ನು ಹೊದಿಸಿದರು. ಪಚ್ಚು ಕತ್ತಲೆಯೆಂದು ತಿಳಿದು ಸುಮ್ಮನಾಯಿತು. ಆ ರಾತ್ರಿ ಮನೆಯಲ್ಲಿ ಯಾರ ಸ್ವರವೂ ಇರಲಿಲ್ಲ. ಹೊರಗೆ ಕಡಲು ಒಂದೇ. ನಾವು ಎಚ್ಚರವಾಗಿಯೇ ಇದ್ದೆವು. ನಡುರಾತ್ರಿಯಲ್ಲಿ ಅಜ್ಜಿ, "ಮಗಳೇ, ಕಂಬಳಿ ತೆಗೆ. ಅದು ಕೇಳಲಿ. ಕೇಳುವವರೂ ಇಲ್ಲದ ಮನೆಯಾಗಬಾರದು" ಎಂದರು. ತಾಯಿ ಎದ್ದು ಹೋಗಿ ತೆಗೆದರು.

ಖಲಾಸಿಯ ತಾಯಿ ದಿನವೂ ಬುಟ್ಟಿ ಇಳಿಸಿ ನಮ್ಮ ಬೇಲಿಯ ಬಳಿ ನಿಂತು, "ಏನಾದರೂ ಸುದ್ದಿ ಬಂತೇ ಅಕ್ಕಾ?" ಎಂದು ಕೇಳುತ್ತಿದ್ದರು. ಇಲ್ಲವೆಂದು ತಾಯಿ ತಲೆಯಲ್ಲಾಡಿಸುವರು. ಸುದ್ದಿಯಿಲ್ಲದಿರುವುದರಲ್ಲಿ ಇಬ್ಬರೂ ಸಮಾನರಾಗಿದ್ದರು.

ಬರಬೇಕಾಗಿದ್ದ ದಿನದಿಂದ ಹದಿನೆಂಟನೆಯ ದಿನ ಅಂಚೆಯವನು ದೋಣಿಯಿಂದಿಳಿದು ಒಂದು ಕಾರ್ಡನ್ನು ತಂದುಕೊಟ್ಟನು. ಬೇಪೂರಿನ ಅಂಚೆ ಮುದ್ರೆ, ತಂದೆಯವರ ಕೈಬರಹ. ಗಾಳಿಗೆ ಹಾಯಿಕಂಬ ಮುರಿಯಿತು, ಚುಕ್ಕಾಣಿ ಹೋಯಿತು, ಐದು ದಿನ ಹೊಯ್ದಾಡಿ ತೆಂಕಲಿಗೆ ಸರಿದು ಹೋದೆವು, ಬೇಪೂರಿನ ಮೀನುಗಾರರು ಕಂಡು ಎಳೆದು ತಂದರು, ಜ್ವರದಿಂದ ಮಲಗಿದ್ದರಿಂದ ಬರೆಯಲು ತಡವಾಯಿತು. ಕೊನೆಗೆ ಎರಡು ಸಾಲು. ಮೊದಲ ರಾತ್ರಿಯೇ, ಮುರಿದ ಕಂಬದ ಹಗ್ಗವನ್ನು ಕಡಿಯಲು ಹೋದ ಹುಡುಗನನ್ನು ತೆರೆ ಕೊಂಡೊಯ್ದಿತು. ಅವನ ತಾಯಿಗೆ ನೀನೇ ಹೇಳಬೇಕು.

ತಾಯಿ ಅಂಗಳದಲ್ಲಿ ನಿಂತೇ ಅದನ್ನು ಓದಿದರು. ಅಜ್ಜಿಯ ಕಿವಿಯಲ್ಲಿ "ಇದ್ದಾರೆ" ಎಂದು ಒಂದೇ ಮಾತು ಹೇಳಿದರು. ಕಾರ್ಡನ್ನು ಅಕ್ಕಿಯ ಪೆಟ್ಟಿಗೆಯೊಳಗಿಟ್ಟರು. ನಗುವುದಕ್ಕಾಗಲಿ ಅಳುವುದಕ್ಕಾಗಲಿ ನಮಗೆ ಅವಕಾಶ ಕೊಡದೆ, ತಲೆ ಬಾಚಿಕೊಂಡು, ಬೇರೆ ಸೀರೆ ಉಟ್ಟು, ಮರಳಿನ ದಾರಿಯಲ್ಲಿ ಆ ಮನೆಗೆ ಹೋದರು. ಹಿಂತಿರುಗಿದ್ದು ರಾತ್ರಿ. ಅವರು ಅಲ್ಲಿ ಏನು ಹೇಳಿದರೆಂಬುದು ನಮಗೆ ಇಂದಿಗೂ ತಿಳಿಯದು.

ತಂದೆಯವರು ಜೂನಿನಲ್ಲಿ ರೈಲಿನಲ್ಲಿ ಬಂದರು. ಮಳೆ ಸುರಿಯುತ್ತಿತ್ತು. ಅಷ್ಟೊಂದು ಬಡವಾಗಿ ಗಡ್ಡ ಬೆಳೆಸಿಕೊಂಡಿದ್ದ ಅವರನ್ನು ಪಚ್ಚು ಗುರುತಿಸಲಿಲ್ಲ, "ಏರ್?" ಎಂದು ಕೇಳಿ, ಬೆರಳು ಚಾಚಿದಾಗ ರಕ್ತ ಬರುವ ಹಾಗೆ ಕಚ್ಚಿತು. ತಂದೆಯವರು ನಕ್ಕರು, ನಗುತ್ತ ಕುಳಿತುಬಿಟ್ಟರು. ಅನಂತರ ಅವರು ಮಂಜಿ ಹತ್ತಲಿಲ್ಲ. ಧಕ್ಕೆಯಲ್ಲಿ ಸರಕಿನ ಲೆಕ್ಕ ಬರೆಯುವ ಕೆಲಸ ಹಿಡಿದರು. ನಾವು ಹದಿನೆಂಟು ದಿನ ಕಡಲ ಬದಿಯಲ್ಲಿ ಹುಡುಕಿದ್ದನ್ನು ಹೇಳಿದಾಗ ಅವರು ತಾಯಿಯ ಮುಖವನ್ನು ನೋಡಿದರು. ಚಳಿಗಾಲದಲ್ಲಿ ನಮ್ಮ ಕರಾವಳಿಯ ನೀರು ಬಡಗಲಿಗೆ ಹರಿಯುವುದು, ಮಳೆಗಾಲದ ಹೊತ್ತಿಗೆ ತಿರುಗಿ ತೆಂಕಲಿಗೆ. ದ್ವೀಪಗಳ ದಾರಿಯಲ್ಲಿ ಒಡೆದದ್ದು ಮೇ ತಿಂಗಳಲ್ಲಿ ಬೆಂಗ್ರೆಗೆ ಬರುವುದು ಅಪರೂಪ. ಇದನ್ನು ರಂಪಣಿಯ ಮುದುಕರೊಬ್ಬರು ಮೊದಲನೆಯ ದಿನವೇ ತಾಯಿಗೆ ತಿಳಿಸಿದ್ದರಂತೆ. ಆದರೂ ತಾಯಿ ನಮ್ಮನ್ನು ಕಳುಹಿಸಿದ್ದರು. ಮಕ್ಕಳು ಮನೆಯೊಳಗೆ ಕುಳಿತು ಬಾಗಿಲು ನೋಡುವುದಕ್ಕಿಂತ ಹೊರಗೆ ಗಾಳಿಯಲ್ಲಿ ನಡೆಯುವುದು ಮೇಲೆಂದು ಅವರ ಎಣಿಕೆಯಾಗಿತ್ತು. ಈಗ ನಾವೇ ಅಜ್ಜಿಯರಾದ ಮೇಲೆ ಅದು ಎಷ್ಟು ದೊಡ್ಡ ಬುದ್ಧಿಯೆಂದು ಕಾಣುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಸಂಜೆ ಆ ಹುಡುಗನ ತಾಯಿ ಬೇಲಿಯ ಬಳಿ ನಿಂತಿದ್ದರು. ಸುದ್ದಿ ಕೇಳುವುದಕ್ಕಲ್ಲ. ಪಚ್ಚು ಸಿಳ್ಳು ಹಾಕಿತು. ಅವರು ಬೇಲಿಯ ಗೂಟವನ್ನು ಹಿಡಿದುಕೊಂಡರು. ತಾಯಿ ಕೈ ಹಿಡಿದು ಕರೆದುಕೊಂಡು ಬಂದು ಜಗಲಿಯಲ್ಲಿ ಕುಳ್ಳಿರಿಸಿದರು. ನಾವು ಅವರನ್ನು ದೊಡ್ಡಮ್ಮನೆಂದು ಕರೆಯತೊಡಗಿದ್ದು ಅಂದಿನಿಂದ. ಮಗನ ಒಂದು ಭಾವಚಿತ್ರವೂ ಅವರಲ್ಲಿರಲಿಲ್ಲ. ಅವನದೆಂದು ಈ ಲೋಕದಲ್ಲಿ ಉಳಿದದ್ದು ಆ ಸಿಳ್ಳು. ಅದು ಇದ್ದದ್ದು ನಮ್ಮ ಗಿಳಿಯ ಗಂಟಲಿನಲ್ಲಿ.

ತಂದೆಯವರು ಎರಡು ದಿನ ಯೋಚಿಸಿ, ಪಚ್ಚುವನ್ನು ಅವರಿಗೆ ಕೊಟ್ಟುಬಿಡಬೇಕೆಂದು ಹೇಳಿದರು. ನಾವಿಬ್ಬರೂ ಊಟ ಬಿಟ್ಟು ಅತ್ತೆವು. ತಾಯಿ ಒಂದು ಮಾತನ್ನೂ ಆಡಲಿಲ್ಲ. ಅಜ್ಜಿ ಗೂಡಿಗೆ ಹೊಸ ಬಿದಿರಿನ ಕಡ್ಡಿ ಹಾಕಿಸಿ, ಮೆಣಸು, ಸಮುದ್ರನೊರೆ ಕಟ್ಟಿಕೊಟ್ಟು, ಯಾವ ಹೊತ್ತಿಗೆ ಏನು ತಿನ್ನುತ್ತದೆಂದು ಹೇಳಿ ಕಳುಹಿಸಿದರು. ಖಾಲಿ ತೊಲೆಯ ಕೆಳಗೆ ಕುಳಿತು ಮಗ್ಗಿ ಹೇಳುವುದು ನಮ್ಮಿಂದಾಗಲಿಲ್ಲ.

ಐದನೆಯ ದಿ‌ನ ದೊಡ್ಡಮ್ಮ ಗೂಡನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು. ಪಚ್ಚು ಅವರ ಮನೆಯಲ್ಲಿ ಒಂದು ಸಲವೂ ಬಾಯಿ ತೆರೆದಿರಲಿಲ್ಲ, ಬಾಳೆಹಣ್ಣನ್ನೂ ಮುಟ್ಟಿರಲಿಲ್ಲ, ಎದೆಯ ಗರಿಗಳನ್ನು ಕಿತ್ತುಕೊಂಡಿತ್ತು. "ಇದು ನನ್ನ ಮಗನ ಹಾಗೆಯೇ. ನನ್ನ ಮನೆಯಲ್ಲಿ ಅವನು ಯಾವಾಗ ಸಿಳ್ಳು ಹಾಕುತ್ತಿದ್ದ? ನಿಮ್ಮ ಬೇಲಿಯ ಹತ್ತಿರವೇ ಹಾಕುತ್ತಿದ್ದದ್ದು. ಇಲ್ಲೇ ಇರಲಿ, ನಾನು ಬಂದು ಕೇಳುತ್ತೇನೆ" ಎಂದರು. ತೊಲೆಗೆ ತೂಗಿದ ಅರ್ಧ ಗಳಿಗೆಯಲ್ಲಿ ಪಚ್ಚು "ವಣಸ್ ಆಂಡಾ?" ಎಂದು ಕೇಳಿತು.

ಅಂದಿನಿಂದ ದೊಡ್ಡಮ್ಮ ಶನಿವಾರಗಳಲ್ಲಿ ವ್ಯಾಪಾರ ಮುಗಿಸಿ ಕಡಲ ಬದಿಯ ದಾರಿಯಲ್ಲಿ ಬರುವರು. ಬರುವಾಗ ಭರತದ ಗೆರೆಯಲ್ಲಿ ಕಣ್ಣಿಟ್ಟು ಸಮುದ್ರನೊರೆ ಹೆಕ್ಕಿ ಸೆರಗಿನಲ್ಲಿ ಕಟ್ಟಿ ತರುವರು. ಚಿಕ್ಕವಳು ತನ್ನ ಅಧಿಕಾರವನ್ನು ಅವರಿಗೆ ಬಿಟ್ಟುಕೊಟ್ಟಳು. ಜಗಲಿಯಲ್ಲಿ ಕುಳಿತು ತಾಯಿಯೊಡನೆ ಮೀನಿನ ಕ್ರಯ, ಅಕ್ಕಿಯ ಕ್ರಯ ಮಾತಾಡುವರು. ಪಚ್ಚು ತನ್ನ ಹೊತ್ತಿಗೆ ಸಿಳ್ಳು ಹಾಕುವುದು. ಆಗ ಇಬ್ಬರ ಮಾತೂ ನಿಲ್ಲುವುದು. "ಗಾಳಿ ಎಂಚ ಉಂಡು?" ಎಂದು ಗಿಳಿ ಕೇಳುವುದು. ಮೊದಲ ಕೆಲವು ವಾರ ಯಾರೂ ಉತ್ತರ ಕೊಡಲಿಲ್ಲ. ಒಂದು ಸಂಜೆ ದೊಡ್ಡಮ್ಮ, ಎಲೆಯಡಕೆಯನ್ನು ಬಾಯಿಂದ ತೆಗೆದು, ಸಣ್ಣ ಸ್ವರದಲ್ಲಿ "ಎಡ್ಡೆ ಉಂಡು" ಎಂದರು. ಒಳಗೆ ಲೆಕ್ಕ ಬರೆಯುತ್ತಿದ್ದ ತಂದೆಯವರ ಲೇಖನಿ ನಿಂತಿತು. ಆಮೇಲೆ ಅದು ವಾಡಿಕೆಯಾಯಿತು. ಅವರು ಬಾರದ ದಿನಗಳಲ್ಲಿ ತಂದೆಯವರೇ ಉತ್ತರ ಕೊಡುತ್ತಿದ್ದರು.

ಅಜ್ಜಿ 1966ರಲ್ಲಿ ತೀರಿಹೋದರು. ಅವರ "ಏರ್?" ಎಂಬ ಕರೆ ಇನ್ನೂ ಹದಿನೈದು ವರ್ಷ ನಮ್ಮ ಅಂಗಳದಲ್ಲಿತ್ತು. ನಮ್ಮಿಬ್ಬರ ಮದುವೆಗಳಾದವು, ಹೊಳೆ ದಾಟಿ ಹೋದೆವು, ಮಕ್ಕಳನ್ನು ಕರೆದುಕೊಂಡು ಬಂದರೆ ಪಚ್ಚು ಅವರಿಗೂ ಊಟವಾಯಿತೇ ಎಂದು ಕೇಳುತ್ತಿತ್ತು. 1981ರ ಜನವರಿಯಲ್ಲಿ, ಇಪ್ಪತ್ತಮೂರು ವರ್ಷ ತುಂಬುತ್ತಿರುವಾಗ, ಒಂದು ಬೆಳಗ್ಗೆ ಗೂಡಿನ ತಳದಲ್ಲಿ ತಣ್ಣಗೆ ಬಿದ್ದಿತ್ತು. ತಂದೆಯವರು ಮಲ್ಲಿಗೆಯ ಚಪ್ಪರದ ಬುಡದಲ್ಲಿ ಅದನ್ನು ಹೂಳಿ, ಮೇಲೆ ನಾವು ಚಿಕ್ಕಂದಿನಲ್ಲಿ ತಂದಿಟ್ಟಿದ್ದ ನುಣ್ಣನೆಯ ಹಂಚಿನ ತುಂಡುಗಳನ್ನು ಹಾಸಿದರು.

ದೊಡ್ಡಮ್ಮನಿಗೆ ಅದನ್ನು ಹೇಳುವುದಕ್ಕೂ ತಾಯಿಯೇ ಹೋದರು. ಆ ವಾರದ ಶನಿವಾರ ನಾವಿಬ್ಬರೂ ತವರಿನಲ್ಲಿದ್ದೆವು. ಸಂಜೆ ಹೊತ್ತಿಗೆ ಸರಿಯಾಗಿ ದೊಡ್ಡಮ್ಮ ಬಂದು ಜಗಲಿಯಲ್ಲಿ ತಮ್ಮ ಜಾಗದಲ್ಲಿ ಕುಳಿತರು. ಅಕ್ಕಿಯ ಕ್ರಯದ ಮಾತಾಯಿತು. ಏಳುವಾಗ ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಎರಡು ಸಮುದ್ರನೊರೆಗಳಿದ್ದವು. ಅವರು ಅವುಗಳನ್ನು ನೋಡುತ್ತ ನಿಂತರು. ತಾಯಿ ಕೈ ಚಾಚಿ ತೆಗೆದುಕೊಂಡು, ಸಿಹಿನೀರಿನಲ್ಲಿ ತೊಳೆದು, ಒಳಗೆ ಇಟ್ಟರು.